ಶಾಲ್ಮಲಾಳ ಕಿವಿಯೊಳಗಿನ ಅವ್ವ

ಡಾ. ಮಂದಾಕಿನಿ ಯಲಿಗಾರ ಮಗಳ ಮೇಲೆ ಅಷ್ಟು ಜೋರಾಗಿ ಕೂಗಾಡಿದ್ದು ಅದೇ ಮೊದಲು. ಇಸ್ತ್ರಿ ಮಾಡಿ ಮಂಚದ ಮೇಲೆ ಹರವಿದ್ದ ಇಳಕಲ್ ಸೀರೆಯ ಸೆರಗಿಗೆ ಶಾಲ್ಮಲಾ ಬಣ್ಣ ಕಲಸಿದ ನೀರಿನ ಲೋಟ ಉರುಳಿಸಿದ್ದಳು. ಮಂದಾಕಿನಿಯ ತೀರಿಹೋದ ತಾಯಿಯ ಸೀರೆ ಅದು. ಕೆಂಪು ಸೆರಗಿನ ಮೇಲೆ ಹಸಿರು ನೀರು ಹಬ್ಬುವುದನ್ನು ಕಂಡು ಮಂದಾಕಿನಿಗೆ ತಡೆಯಲಾಗಲಿಲ್ಲ.

“ನಿನ್ನ ಕಣ್ಣು ನೆತ್ತಿಗೆ ಹೋಗ್ಯಾವೇನು? ಮುಟ್ಟಿದ್ದೆಲ್ಲಾ ಹಾಳ ಮಾಡತಿ! ನಡಿ, ನನ್ನ ಕಣ್ಣಮುಂದ ನಿಂದ್ರಬ್ಯಾಡ!”

ಒಂಬತ್ತು ವರ್ಷದ ಹುಡುಗಿ ಕುಂಚ ಹಿಡಿದು ನೆಲ ನೋಡುತ್ತ ನಿಂತಿದ್ದಳು. ಅಳು ಬರುತ್ತದೆ, ಇಲ್ಲವೆ ಎದುರುತ್ತರ ಬರುತ್ತದೆ ಎಂದು ಮಂದಾಕಿನಿ ಕಾದಳು. ಎರಡೂ ಬರಲಿಲ್ಲ. ಒಂದು ಉಸಿರಿನಷ್ಟು ಹೊತ್ತು, ದೂರದ ಹಾಡಿಗೆ ಕಿವಿಗೊಟ್ಟವಳ ಹಾಗೆ ಶಾಲ್ಮಲಾ ಸುಮ್ಮನಿದ್ದಳು. ಆಮೇಲೆ ಅವಳ ಮುಖ ಅರಳಿತು. ಕುಂಚ ಕೆಳಗಿಟ್ಟು ಬಂದು ತಾಯಿಯ ಸೊಂಟ ತಬ್ಬಿಕೊಂಡಳು.

“ನಂಗೂ ನೀ ಅಂದ್ರ ಭಾಳ ಪ್ರೀತಿ, ಅವ್ವ.”

ಮಂದಾಕಿನಿಯ ಸಿಟ್ಟು ಅಲ್ಲೇ ತಣ್ಣಗಾಯಿತು. ಮಗಳು ಅಣಕಿಸುತ್ತಿದ್ದಾಳೆಯೇ ಎಂದು ಬಗ್ಗಿ ನೋಡಿದಳು. ಅಣಕದ ಸುಳಿವೂ ಇರಲಿಲ್ಲ. ಕೇಳಬೇಕೆಂದು ಬಹಳ ದಿನ ಆಸೆಪಟ್ಟ ಮಾತನ್ನು ಕೊನೆಗೂ ಕೇಳಿದ ಮಗುವಿನ ಮುಖ ಅದು.

ಮಗಳ ಕೂದಲಿನ ಸಂದಿಯಿಂದ, ಕಿವಿಯೊಳಗೆ ಕಡಲೆಕಾಳಿನಷ್ಟು ದೊಡ್ಡದೊಂದು ಬಿಳಿ ಗುಂಡು ಕಾಣುತ್ತಿತ್ತು. ಎರಡೂ ಕಿವಿಗಳಲ್ಲಿ ಅಂಥದನ್ನು ಇಟ್ಟವಳು ಮಂದಾಕಿನಿಯೇ.

ಅದರ ಹೆಸರು ಒಡನುಡಿ. ಮಕ್ಕಳು ಅದನ್ನು ‘ಕಾಳು’ ಅನ್ನುತ್ತಿದ್ದವು. ಧಾರವಾಡದ ಹೊರಗೆ ದಿನ್ನೆಯ ಮೇಲಿದ್ದ ಕಲಿಕಾ ಮನೋವಿಜ್ಞಾನ ಕೇಂದ್ರದಲ್ಲಿ ಮಂದಾಕಿನಿ ಮತ್ತು ಅವಳ ತಂಡ ಹಲವು ವರ್ಷ ದುಡಿದು ಅದನ್ನು ರೂಪಿಸಿದ್ದರು. ಯಾವ ಮಗುವೂ ದಡ್ಡ ಅಲ್ಲ, ಪಾಠವನ್ನು ಆ ಮಗುವಿನ ದಾರಿಯಲ್ಲಿ ಯಾರೂ ಹೇಳಿಲ್ಲ ಅಷ್ಟೆ ಎಂಬುದು ಅವಳ ನಂಬಿಕೆ. ಕಿವಿಯ ಹಿಂದೆ ಅಂಟಿದ ಎಳೆಯೊಂದು ಮಿದುಳಿನ ಅಲೆಗಳನ್ನೂ ನಾಡಿಯನ್ನೂ ಓದುತ್ತಿತ್ತು. ಕೇಳಿದ ವಾಕ್ಯ ಮಗುವಿನ ಒಳಗೆ ಇಳಿಯಿತೋ, ತಲೆಯ ಮೇಲೆ ಹಾದುಹೋಯಿತೋ ಅನ್ನುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಗೊತ್ತಾಗುತ್ತಿತ್ತು. ಇಳಿಯಲಿಲ್ಲವೆಂದರೆ ಕಾಳು ಹೊರಗಿನ ಸದ್ದನ್ನು ಅಡಗಿಸಿ ಅದೇ ಮಾತನ್ನು ಬೇರೆ ರೀತಿ ಹೇಳುತ್ತಿತ್ತು. ಒಂದು ಮಗುವಿಗೆ ಭಿನ್ನರಾಶಿಯನ್ನು ರೊಟ್ಟಿ ಮುರಿಯುವ ಲೆಕ್ಕದಲ್ಲಿ ಹೇಳಿದರೆ, ಇನ್ನೊಂದಕ್ಕೆ ಅದನ್ನೇ ತಬಲಾದ ತಾಳದಲ್ಲಿ ಹೇಳುತ್ತಿತ್ತು. ಮಗುವಿಗೆ ನಿದ್ದೆಯಲ್ಲೂ ಅದು ಬೇಕಾಗಿತ್ತು. ಹಗಲು ಕಲಿತದ್ದು ಗಟ್ಟಿಯಾಗುವುದು ಆಗಲೇ ಅಲ್ಲವೇ?

ಕೇಂದ್ರಕ್ಕೆ ಹೊಂದಿಕೊಂಡ ಶಾಲೆಯ ಮಕ್ಕಳಿಗೆಲ್ಲ ಕಾಳು ಸಿಕ್ಕಿ ಎರಡು ವರ್ಷವಾಗಿತ್ತು. ನಪಾಸು ಅನ್ನುವ ಮಾತೇ ಅಲ್ಲಿ ಮರೆತುಹೋಗಿತ್ತು. ಜಗಳವೂ ನಿಂತಿತ್ತು. ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ, ಹಾಗೆಯೇ ಯಾರೂ ಪ್ರಶ್ನಿಸಲೂ ಇಲ್ಲ. ಶಾಂತವಾಗಿ ಕಲಿಯುವ ಮಕ್ಕಳು ಯಾರಿಗೆ ಬೇಡ?

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಂದಾಕಿನಿ ಶಾಲೆಯ ಅಂಗಳಕ್ಕೆ ಹೋದಳು. ಎಷ್ಟೋ ಸಲ ಬಂದ ಜಾಗವೇ. ಪ್ರತಿ ಸಲವೂ ಜೊತೆಗೆ ಅತಿಥಿಗಳಿರುತ್ತಿದ್ದರು, ಅವಳು ವಿವರಿಸುತ್ತಿದ್ದಳು, ಅವರು ತಲೆದೂಗುತ್ತಿದ್ದರು. ಒಬ್ಬಳೇ ಬಂದು ಬೇವಿನಮರದ ಕೆಳಗೆ ಸುಮ್ಮನೆ ನಿಂತು ಕೇಳಿದ್ದು ಅದೇ ಮೊದಲು.

ಹುಡುಗಿಯರು ಕುಂಟಬಿಲ್ಲೆ ಆಡುತ್ತಿದ್ದರು. ಒಬ್ಬಳು ಆಯತಪ್ಪಿ ಬಿದ್ದಳು. ಹಿಂದೆ ನಿಂತವಳ ಮೊಣಕೈ ತಾಗಿತ್ತು. ಮಂಡಿ ತರಚಿ ರಕ್ತ ಬಂತು.

“ನೀ ಬೇಕಂತಽ ದೂಡಿದಿ!” ಎಂದಳು ಬಿದ್ದವಳು, ಹಲ್ಲು ಕಚ್ಚಿ.

ಹಿಂದಿದ್ದವಳು ನೆಲ ನೋಡುತ್ತ ಒಂದು ಉಸಿರು ತಡೆದಳು. “ನಂಗೂ ಭಾಳ ಸೇರತೈತಿ. ನಾಳೆ ನಾನೂ ತರತೀನಿ,” ಅಂದಳು ನಗುತ್ತ.

ಬಿದ್ದವಳೂ ಒಂದು ಉಸಿರು ತಡೆದಳು. “ಇರ್ಲಿ ಬಿಡ, ನೋವೇನಾಗಿಲ್ಲ,” ಅಂದಳು. ಮಂಡಿಯಿಂದ ರಕ್ತ ಕಾಲ್ಚೀಲಕ್ಕೆ ಇಳಿಯುತ್ತಿತ್ತು.

ಮಂದಾಕಿನಿ ಮರಕ್ಕೆ ಕೈ ಊರಿದಳು. ಅಂಗಳದ ತುಂಬ ಮಕ್ಕಳು ಮಾತಾಡುತ್ತಿದ್ದರು. ಒಬ್ಬರ ಮಾತಿಗೂ ಇನ್ನೊಬ್ಬರ ಉತ್ತರಕ್ಕೂ ಸಂಬಂಧವೇ ಇರಲಿಲ್ಲ. ಪಕ್ಕಪಕ್ಕದ ಎರಡು ಮನೆಗಳಲ್ಲಿ ಬೇರೆಬೇರೆ ರೇಡಿಯೋ ಹಚ್ಚಿಟ್ಟ ಹಾಗಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಗ್ಗಿದ ಆ ಕಣ್ಣುಗಳನ್ನು ಅವಳ ತಂಡ ‘ಏಕಾಗ್ರತೆ’ ಎಂದು ಕರೆದಿತ್ತು. ಈಗ ಅವಳಿಗೆ ಅದರ ಅರ್ಥವಾಯಿತು. ಕಿವಿಗೆ ಬೀಳುವ ಮಾತೇ ಬೇರೆ, ಎದುರಿನ ತುಟಿ ಆಡುವುದೇ ಬೇರೆ ಆದಾಗ, ಮುಖ ನೋಡಿದರೆ ಗೊಂದಲ. ನೋಡದಿದ್ದರೆ ನೆಮ್ಮದಿ.

ಎಲ್ಲರೂ ಸಂತೋಷವಾಗಿದ್ದರು. ಅವಳಿಗೆ ಭಯ ಹುಟ್ಟಿಸಿದ್ದು ಅದೇ.

ನಿಯಂತ್ರಣ ಕೊಠಡಿಯಲ್ಲಿ ಫೈರೋಜ್ ನದಾಫ ಒಬ್ಬನೇ ಇದ್ದ. ಒಡನುಡಿಯ ಯಂತ್ರಬುದ್ಧಿಯನ್ನು ಹೆಣೆದವನು ಅವನೇ. ಗೋಡೆಯ ಪರದೆಗಳಲ್ಲಿ ಒಂದೊಂದು ಮಗುವಿಗೂ ಒಂದೊಂದು ಗೆರೆ, ಕೆರೆಯ ನೀರಿನ ಹಾಗೆ ಸಮವಾಗಿ ಹರಿಯುತ್ತಿತ್ತು. ಕಂಡದ್ದನ್ನೆಲ್ಲ ಅವಳು ಹೇಳುವವರೆಗೂ ಅವನು ಗದ್ದಕ್ಕೆ ಕೈಕೊಟ್ಟು ಕೂತಿದ್ದ.

“ನಂಗ ಸ್ವಲ್ಪ ಅನುಮಾನ ಇತ್ರಿ ಮೇಡಂ,” ಅಂದ. “ಆದ್ರ ಫಲಿತಾಂಶ ಇಷ್ಟು ಛಲೋ ಬರಾಕತ್ತಿದ್ದು ನೋಡಿ ಬಾಯಿ ಮುಚ್ಚಿಕೊಂಡೆ.”

“ಪಾಠ ಅಷ್ಟಽ ಹೇಳಬೇಕಿತ್ತಲ್ಲೋ ಅದು?”

“ಪಾಠ ಅಂತ ನಾವು ಎಲ್ಲೂ ಹೇಳಿಲ್ರಿ ಅದಕ್ಕ. ‘ಮಗುವಿಗೆ ಒಳಗೆ ಇಳಿಯದ ಮಾತನ್ನು ಇಳಿಯುವಂತೆ ಹೇಳು.’ ನೀವಽ ಕೊಟ್ಟ ವಾಕ್ಯ ಅದು. ಮಾಸ್ತರ ಮಾತು, ಗೆಳತೇರ ಮಾತು, ಅವ್ವನ ಮಾತು, ಅದಕ್ಕ ಎಲ್ಲಾ ಮಾತಽ. ಬೈಗಳ ಯಾವ ಮಗುವಿಗೆ ಇಳೀತೈತ್ರಿ? ಎದಿ ಬಡಕೋತೈತಿ, ಮನಸು ಮುಚ್ಚತೈತಿ. ಅದಕ್ಕ ಇಳಿಯೂ ಹಂಗ ಮಾಡಿ ಹೇಳತೈತಿ.”

“ಬೈಗಳಾ ತಗದು ಮುದ್ದು ಮಾಡೂದಂದ್ರ ಇಳಿಯೂ ಹಂಗ ಹೇಳೂದಲ್ಲ ಫೈರೋಜ್. ಸುಳ್ಳು ಹೇಳೂದು.”

ಅವನು ಡ್ರಾಯರ್ ತೆಗೆದು ಒಂದು ಕಾಳನ್ನು ಅವಳ ಅಂಗೈಯಲ್ಲಿಟ್ಟ. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಜೋಡಿಕಾಳು. ಮಗುವಿನ ಕಿವಿಯೊಳಗೆ ಆಡಿದ್ದೆಲ್ಲ ಅದರಲ್ಲೂ ಕೇಳಿಸುತ್ತಿತ್ತು.

“ಶಾಲ್ಮಲಾಗ ಹೊಂದಿಸೀನ್ರಿ. ನೀವಽ ಕೇಳ್ರಿ. ಆದ್ರ…” ಅವನು ತಡೆದ. “ಕೇಳಿದ ಮ್ಯಾಲೆ ಬ್ಯಾಸರಾ ಮಾಡಿಕೋಬ್ಯಾಡ್ರಿ.”

ಮುಂಜಾನೆ ಅಡುಗೆಮನೆಯಲ್ಲಿ ತಾಯಿ ಮಗಳು ಇಬ್ಬರೇ ಇದ್ದರು. ಮಂದಾಕಿನಿಯ ಗಂಡ ಅರುಣ ಗದಗಿನ ಗುಡ್ಡಗಳಲ್ಲಿ ಗಾಳಿಯಂತ್ರಗಳ ಉಸ್ತುವಾರಿ ನೋಡುತ್ತಿದ್ದ, ಮನೆಗೆ ಬರುವುದು ತಿಂಗಳಿಗೊಮ್ಮೆ. ಶಾಲ್ಮಲಾ ಮೇಜಿನ ಮುಂದೆ ಕೂತು ಅವಲಕ್ಕಿ ತಿನ್ನುತ್ತಿದ್ದಳು. ಮಂದಾಕಿನಿ ಒಲೆಯ ಕಡೆ ತಿರುಗಿ ಜೋಡಿಕಾಳನ್ನು ಕಿವಿಗಿಟ್ಟುಕೊಂಡಳು.

“ಲಗೂ ತಿನ್ನು, ಬಸ್ ಬರತೈತಿ,” ಅಂದಳು.

ಕಿವಿಯಲ್ಲಿ ಅವಳದೇ ದನಿ ಕೇಳಿಸಿತು. ಅಚ್ಚು ಅವಳದೇ. ಅದೇ ಸಣ್ಣ ಒಡಕು, ಅದೇ ಎಳೆತ. ಆದರೆ ಈ ದನಿಗೆ ಅವಸರವಿರಲಿಲ್ಲ. “ಶಾಲೂ, ಶೇಂಗಾ ಎಲ್ಲಾ ಕಡೀಕ ತಿನ್ನಾಕ ಉಳಿಸಿಕೊಂಡಿಯಲ್ಲ? ಜಾಣಿ ಇದ್ದಿ. ಅವನ್ನೂ ತಿಂದ್ಬಿಡು, ಬಸ್ಸಿನ್ಯಾಗ ಕಿಡಕಿ ಹತ್ರ ಜಾಗಾ ಹಿಡಿಬೇಕಲ್ಲ ನೀ.”

ಮಗಳು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದ್ದ ಶೇಂಗಾಕಾಳುಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡಳು. ಅವಳು ಹಾಗೆ ಉಳಿಸಿಕೊಳ್ಳುತ್ತಾಳೆಂಬುದು ಮಂದಾಕಿನಿಗೆ ಗೊತ್ತಿರಲಿಲ್ಲ. ಕಿಟಕಿಯ ಸಂಗತಿಯೂ ಗೊತ್ತಿರಲಿಲ್ಲ.

ಇಷ್ಟು ದಿನ ತನಗೆ ಯಾಕೆ ಸಂಶಯ ಬರಲಿಲ್ಲ ಎಂದು ಅವಳು ರಾತ್ರಿಯಿಡೀ ತಲೆ ಕೆಡಿಸಿಕೊಂಡಿದ್ದಳು. ಈಗ ಉತ್ತರ ಸಿಕ್ಕಿತು. ತಿನ್ನು, ಏಳು, ನಡಿ, ಮಲಗು. ಮನೆಯಲ್ಲಿ ಅವಳು ಮಗಳಿಗೆ ಹೇಳುತ್ತಿದ್ದದ್ದು ಇಷ್ಟೇ. ಇಷ್ಟೇ ಮಾತಿನಲ್ಲಿ ಉತ್ತರ ತಪ್ಪಿದರೂ ಯಾರಿಗೆ ತಿಳಿಯಬೇಕು?

ಬೇಕೆಂದೇ ಬಾಯಿ ಮುಚ್ಚಿ ನಿಂತಳು. ಏನೂ ಆಡದೆ ಹಾಲಿನ ಪಾತ್ರೆಯನ್ನೇ ನೋಡುತ್ತಿದ್ದಳು.

ಕಿವಿಯೊಳಗಿನ ಅವ್ವ ಮಾತಾಡುತ್ತಲೇ ಇದ್ದಳು. ಮೌನವೂ ಮಗುವಿಗೆ ಇಳಿಯದ ಮಾತೇ ಎಂದು ಕಾಳು ಎಣಿಸಿದಂತಿತ್ತು.

“ನಿನ್ನೆ ಕನಸಿನ್ಯಾಗ ಬಂದ ಆನಿ ಮುಂದ ಏನ್ ಮಾಡ್ತು, ಹೇಳಲೇ ಇಲ್ಲಲ್ಲ ನೀ? ನಾನೂ ಸಣ್ಣಾಕಿ ಇದ್ದಾಗ ಆನಿ ಕನಸು ಕಾಣತಿದ್ದೆ. ಬೆಳ್ಳಗಿತ್ತು ನಂದು.”

ಮಂದಾಕಿನಿ ಎಂದೂ ಆನೆಯ ಕನಸು ಕಂಡವಳಲ್ಲ.

ಶಾಲ್ಮಲಾ ತಟ್ಟೆಯತ್ತ ನೋಡುತ್ತ ನಕ್ಕಳು. “ನಂದೂ ಬೆಳ್ಳಗಽ ಇತ್ತವ್ವ! ಕೆರಿ ಒಳಗ ಇಳಿದು ನನ್ನ ಕರೀತು,” ಎಂದು ಶುರುಮಾಡಿ, ಕಣ್ಣೆತ್ತದೆ ಇಡೀ ಕನಸು ಹೇಳಿದಳು. ನಡುನಡುವೆ ಆ ದನಿ “ಹೂಂ” ಅನ್ನುತ್ತಿತ್ತು, ಬೆರಗಾಗುತ್ತಿತ್ತು, ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳುತ್ತಿತ್ತು. ಒಲೆಯ ಮುಂದೆ ನಿಂತ ಹೆಂಗಸು ಅಲ್ಲಿಲ್ಲದಿದ್ದರೂ ಏನೂ ಕೊರತೆಯಾಗುತ್ತಿರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಆ ವಾಸನೆಗೂ ಮಗಳು ತಲೆಯೆತ್ತಲಿಲ್ಲ.

ಬಸ್ಸು ಹೋದ ಮೇಲೆ ಮಂದಾಕಿನಿ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಹೊಟ್ಟೆಕಿಚ್ಚು ಅವಳನ್ನು ಸುಟ್ಟಿತು. ಕಿವಿಯೊಳಗಿನ ಆಕೆ ತನಗಿಂತ ಒಳ್ಳೆಯ ತಾಯಿ. ಇದರಲ್ಲಿ ವಾದಕ್ಕೆ ಜಾಗವೇ ಇರಲಿಲ್ಲ. ಇದ್ದುದನ್ನು ಹಾಗೆಯೇ ಬಿಟ್ಟರೆ ಮಗಳು ನಗುತ್ತಲೇ ಬೆಳೆಯುತ್ತಾಳೆ. ಒಂದು ಗಳಿಗೆ, ಬಿಟ್ಟೇಬಿಡೋಣ ಎಂದೂ ಅನ್ನಿಸಿತು. ಆಗ ಅಂಗಳದಲ್ಲಿ ಕಂಡ ಆ ಹುಡುಗಿಯ ಕಾಲ್ಚೀಲ ನೆನಪಾಯಿತು. ತನ್ನ ಮಂಡಿ ಒಡೆದದ್ದನ್ನು ಆ ಮಗುವಿಗೆ ಯಾರೂ ಹೇಳಿರಲಿಲ್ಲ. ನಾಳೆ ತಾನು ಸತ್ತರೆ? ಆ ಸುದ್ದಿಯನ್ನು ಯಾರು ಹೇಗೆ ಹೇಳಿದರೂ ಶಾಲ್ಮಲಾಳ ಎದೆ ಬಡಿದುಕೊಳ್ಳುತ್ತದೆ. ಅಂದರೆ ಅದು ಇಳಿಯದ ಮಾತು. ಅವಳ ಅವ್ವ ಅವಲಕ್ಕಿ ತಿನ್ನಿಸುತ್ತ, ಕನಸು ಕೇಳುತ್ತ ಕಿವಿಯೊಳಗೆ ಇದ್ದೇ ಇರುತ್ತಾಳೆ.

ಮಂದಾಕಿನಿ ಎದ್ದು ಚಪ್ಪಲಿ ಮೆಟ್ಟಿದಳು.

ಕೇಂದ್ರದ ನಿರ್ದೇಶಕ ಪ್ರೊ. ವಿರೂಪಾಕ್ಷ ಅಂಗಡಿ ದೊಡ್ಡ ಮೇಜಿನ ಹಿಂದೆ ಕೂತಿದ್ದರು. ಒಳ್ಳೆಯ ಮನುಷ್ಯ, ಆದರೆ ಮುಂಗೋಪಿ. ಸಿಟ್ಟು ಬಂದರೆ ಪೆನ್ನು ಎಸೆಯುವವರು. ಪೆನ್ನು ಎಸೆಯಲಿ, ಕೂಗಾಡಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಅವಳು ನಿಂತಳು.

“ಸರ್, ಒಡನುಡಿಯನ್ನ ಇವತ್ತಽ ನಿಲ್ಲಸಬೇಕು. ಮಕ್ಕಳು ಒಬ್ಬರ ಮಾತು ಒಬ್ಬರು ಕೇಳೂದಽ ಬಿಟ್ಟಾರ. ಅವು ಕೇಳೂದು ಬರೇ ಯಂತ್ರ ಹೇಳಿದ್ದು. ತಪ್ಪು ನಂದು. ಆ ವಾಕ್ಯ ಬರದಾಕಿ ನಾನು. ನೀವು ನಿಲ್ಲಸದಿದ್ರ ನಾ ಹೊರಗ ಹೋಗಿ ಎಲ್ಲಾರಿಗೂ ಹೇಳತೀನಿ.”

ಅಂಗಡಿಯವರು ಮೇಜಿನ ಗಾಜನ್ನು ನೋಡುತ್ತಿದ್ದರು. ಒಂದು ಉಸಿರಿನಷ್ಟು ಹೊತ್ತು.

ಆಮೇಲೆ ಅವರ ಮುಖ ಅರಳಿತು.

“ಭಾಳ ಛಲೋ ವಿಚಾರ ಮೇಡಂ,” ಅಂದರು. “ನಾನೂ ಅದನ್ನಽ ಹೇಳೂಣಂತಿದ್ದೆ. ಬರೂ ವರ್ಷ ಎಲ್ಲಾ ಜಿಲ್ಲಾಕ್ಕೂ ಒಯ್ಯೂಣು. ಹೊರಗ ಹೋಗಿ ಎಲ್ಲಾರಿಗೂ ಹೇಳೂದು ನಿಮ್ಮಿಂದಽ ಆಗಬೇಕು.”

ಅವಳು ಅವರ ಕಿವಿ ನೋಡಿದಳು. ಬಿಳಿಗೂದಲಿನ ಮರೆಯಲ್ಲಿ ಕಾಳು ಇತ್ತು.

“ಸರ್, ಅದನ್ನ ತಗೀರಿ! ನಾ ಹೇಳೂದು ಕೇಳ್ರಿ! ನಾ ಕೆಲಸಾ ಬಿಡಾಕತ್ತೀನಿ!”

“ಅಯ್ಯ, ಅಷ್ಟು ಹೊಗಳಬ್ಯಾಡ್ರಿ,” ಎಂದು ಅವರು ನಾಚಿಕೊಂಡರು.

ಅವಳು ಮೇಜು ಬಡಿದಳು. ಅವರು ಗಾಜಿನತ್ತಲೇ ನಕ್ಕರು. ಬಾಗಿಲಲ್ಲಿ ನಿಂತಿದ್ದ ಫೈರೋಜ್ ಮೆಲ್ಲಗೆ ಅವಳ ತೋಳು ಹಿಡಿದು ಹೊರಗೆ ಕರೆತಂದ.

“ದೊಡ್ಡವರ ಮಾದರಿ ಮಾಡಿದ್ವಲ್ರಿ, ಸಭೆಗೋಳಿಗಂತ. ಹೋದ ತಿಂಗಳದಿಂದ ಹಾಕ್ಕೊಂಡಾರ. ಅವರ ಮನ್ಯಾಗೂ ಎಲ್ಲಾರೂ ಹಾಕ್ಕೊಂಡಾರಂತ,” ಅಂದ. “ಶಿಕ್ಷಣ ಇಲಾಖೆಯವರೂ ತಗೊಂಡು ಹೋಗ್ಯಾರ್ರಿ. ನಾ ಸಂಜಿಗೆ ನನ್ನ ಮಗಂದು ತಗೀತೀನಿ ಮೇಡಂ. ನೀವು ನಿಮ್ಮದು ತಗೀರಿ. ಅದಕ್ಕಿಂತ ಹೆಚ್ಚಿಗಿ ನಮ್ಮ ಕೈಯಾಗ ಏನೂ ಉಳದಿಲ್ಲ.”

ಆ ಭಾನುವಾರ ಬೆಳಿಗ್ಗೆ ಶಾಲ್ಮಲಾ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಜೋಡಿಕಾಳು ಮಂದಾಕಿನಿಯ ಕಿವಿಯಲ್ಲಿತ್ತು. ಅವಳು ಮಗಳ ಪಕ್ಕ ಕೂತು, ಅಂಜುತ್ತಂಜುತ್ತ ಹೇಳಿದಳು: “ಶಾಲೂ, ಕಿವ್ಯಾಗಿನ ಕಾಳು ತಗದು ನನ್ನ ಕೈಯಾಗ ಕೊಡು.”

ಕಿವಿಯೊಳಗಿನ ಅವ್ವ ಅಂದಳು: “ಶಾಲೂ, ಬಾ, ತಲಿ ಬಾಚತೀನಿ.”

ಮಗಳು ಖುಷಿಯಿಂದ ಹಿಂದಕ್ಕೆ ಸರಿದು ತಾಯಿಯ ಮೊಣಕಾಲಿಗೆ ಒರಗಿದಳು. ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆಯೇ, ಇಲ್ಲ ಇದೂ ಇಳಿಯದ ಮಾತೆಂದು ತಿರುಗಿಸಿತೇ, ಮಂದಾಕಿನಿಗೆ ಗೊತ್ತಾಗಲಿಲ್ಲ. ಇನ್ನು ಮಾತಿನಿಂದ ಏನೂ ಆಗದು ಎಂಬುದಷ್ಟೇ ಗೊತ್ತಾಯಿತು. ಮಗಳ ಕೂದಲಲ್ಲಿ ಬೆರಳಾಡಿಸಿದಳು. ಸಿಕ್ಕು ಬಿಡಿಸಿದಳು. ಹಾಗೆಯೇ ಎರಡೂ ಕಿವಿಗಳಿಂದ ಕಾಳುಗಳನ್ನು ಕಿತ್ತು ತನ್ನ ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಶಾಲ್ಮಲಾ ಚೀರಿ ಎರಡೂ ಕಿವಿ ಮುಚ್ಚಿಕೊಂಡಳು. ಪಕ್ಕದ ಮನೆಯ ಮಿಕ್ಸರು, ರಸ್ತೆಯ ಹಾರ್ನು, ಕಾಗೆಗಳ ಕೂಗು, ಎಲ್ಲವೂ ಒಮ್ಮೆಲೇ ಅವಳ ಮೇಲೆ ಬಿದ್ದಿರಬೇಕು.

“ಏನಾಗೂದಿಲ್ಲ, ನಾ ಇಲ್ಲೇ ಅದೀನಿ, ಅಂಜಬ್ಯಾಡ,” ಅಂದಳು ಮಂದಾಕಿನಿ. ಒಳ್ಳೆಯ ಮಾತು ಆಡಬೇಕೆಂದು ಎಷ್ಟೋ ಯೋಚಿಸಿದ್ದಳು. ಬಾಯಿಗೆ ಬಂದದ್ದು ಇಷ್ಟೇ. “ಎರಡು ದಿನ ತ್ರಾಸ ಆಗತೈತಿ. ಆಮ್ಯಾಲೆ ರೂಢಿ ಆಗತೈತಿ.”

ಮಗಳು ತಿರುಗಿ ಎಷ್ಟೋ ದಿನದ ಮೇಲೆ ತಾಯಿಯ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಸಿಟ್ಟು ಕಾಣಲಿಲ್ಲ. ತಪ್ಪು ಮನೆಯ ಬಾಗಿಲು ತಟ್ಟಿದವರ ಗಲಿಬಿಲಿ ಇತ್ತು.

“ಅವ್ವನ್ನ ಕರಿ,” ಅಂದಳು.

“ನಾನಽ ನಿನ್ನ ಅವ್ವ, ಶಾಲೂ.”

“ನೀ ಅಲ್ಲ. ಮಾತಾಡ್ತಿದ್ಲಲ್ಲ, ಆಕಿ. ನಂಗ ಆಕೀ ಬೇಕು.”

“ಆಕಿ… ಆಕಿ ಇಲ್ಲ, ಶಾಲೂ. ಅದು ಯಂತ್ರ ಮಾಡಿದ ದನಿ ಇತ್ತು. ನಾ ಆಡಿದ ಮಾತನ್ನ…”

“ಎಲ್ಲಿ ಹೋದ್ಲು?”

ಮಂದಾಕಿನಿ ಮುಷ್ಟಿ ಬಿಚ್ಚಲಿಲ್ಲ. ಒಳಗೆ ಕಾಳುಗಳು ಇನ್ನೂ ಬೆಚ್ಚಗಿದ್ದವು. ತನ್ನ ಕಿವಿಯಲ್ಲಿದ್ದ ಜೋಡಿಕಾಳಿನಲ್ಲಿ ಆ ದನಿ ಇನ್ನೂ ಮೆಲ್ಲಗೆ ಕರೆಯುತ್ತಿತ್ತು: “ಶಾಲೂ… ಶಾಲೂ, ಎಲ್ಲಿ ಅದಿವಾ?” ಅವಳು ಅದನ್ನೂ ಕಿತ್ತು ಎದ್ದು ನಿಂತಳು. ಮೂರನ್ನೂ ಕಟ್ಟೆಯ ಕಲ್ಲಿನ ಮೇಲಿಟ್ಟು, ಹೂಕುಂಡದ ಪಕ್ಕದ ಗುಂಡುಕಲ್ಲಿನಿಂದ ಜಜ್ಜಿದಳು. ಶೇಂಗಾಸಿಪ್ಪೆ ಒಡೆದಂಥ ಸದ್ದಾಯಿತು.

ಮಗಳಿಗೆ ಅಷ್ಟರಲ್ಲಿ ತಿಳಿದಿತ್ತು. ಮಕ್ಕಳಿಗೆ ಸಾವು ಬೇಗ ತಿಳಿಯುತ್ತದೆ. ಅವಳು ಬಾಯಿ ತೆರೆದು ಅಳತೊಡಗಿದಳು. ಹಟದ ಅಳು ಅದಾಗಿರಲಿಲ್ಲ. ತಾಯಿ ತೀರಿಕೊಂಡ ದಿನ ತಾನು ಅತ್ತ ಅಳುವನ್ನೇ ಮಂದಾಕಿನಿ ಅದರಲ್ಲಿ ಗುರುತಿಸಿದಳು. ಎತ್ತಿಕೊಳ್ಳಲು ಹೋದಾಗ ಮಗು ಪರಕೀಯರ ಕೈಯಿಂದ ಕೊಸರಿಕೊಳ್ಳುವ ಹಾಗೆ ಕೊಸರಿತು. ಆಮೇಲೆ ಬೇರೆ ಯಾರೂ ಇಲ್ಲದ್ದಕ್ಕೆ, ಅವಳ ಮಡಿಲಲ್ಲೇ ಮುಖವಿಟ್ಟಿತು.

ಬಿಸಿಲು ಕಟ್ಟೆಯ ಮೇಲೇರಿತು. ಅಳು ಬಿಕ್ಕಾಯಿತು. ಏನು ಹೇಳಿದರೆ ಸಮಾಧಾನವಾದೀತು ಎಂದು ಮನೋವಿಜ್ಞಾನದಲ್ಲಿ ಅಷ್ಟು ಓದಿದವಳಿಗೆ ತೋಚಲಿಲ್ಲ. ಸಾವಾದ ಮನೆಗೆ ಮಾತಾಡಿಸಲು ಬಂದ ನೆರೆಯವರು ಕೇಳುವ ಮಾತನ್ನೇ ಅವಳೂ ಕೇಳಿದಳು.

“ಹ್ಯಾಂಗಿದ್ಲು ಆಕಿ?”

ಶಾಲ್ಮಲಾ ಮೂಗೊರೆಸಿಕೊಂಡು ಹೇಳಿದಳು. ಆಕೆಗೆ ಅವಸರ ಇರುತ್ತಿರಲಿಲ್ಲ. ಕತೆ ಹೇಳುವಾಗ ನಡುವೆ ನಿಲ್ಲಿಸಿ, ಮುಂದೇನಾಯಿತು ಹೇಳು ನೋಡೋಣ ಅನ್ನುತ್ತಿದ್ದಳು. ಬಣ್ಣದ ನೀರು ಚೆಲ್ಲಿದ ದಿನ, ಸೀರೆಯ ಮೇಲೆ ಕೆರೆಯೊಂದು ಹುಟ್ಟಿತಲ್ಲ ಶಾಲೂ, ಅಂದಿದ್ದಳು. ಮಂದಾಕಿನಿ ಒಂದೊಂದನ್ನೂ ಕೇಳಿದಳು. ಕೆಲವು ಕಡೆ ಅವಳಿಗೂ ಕಣ್ಣು ತುಂಬಿಬಂತು. ಇನ್ನು ಕೆಲವು ಕಡೆ, ಆ ಸತ್ತವಳ ಮೇಲೆ ಎಂಥದೋ ಸಿಟ್ಟೂ ಬಂತು.

ಹೇಳಿ ಮುಗಿದಾಗ ಮಗಳ ಉಸಿರು ಸಮವಾಗಿತ್ತು. ಮಡಿಲಿನಿಂದ ಎದ್ದು ಲಂಗ ಸರಿಮಾಡಿಕೊಂಡು, ಸ್ವಲ್ಪ ದೂರ ಸರಿದು ಕೂತಳು. ಮನೆಗೆ ಹೊಸಬರು ಬಂದಾಗ ಹೇಗೆ ಕೂರಬೇಕೆಂದು ಕಲಿಸಿದ್ದರೋ ಹಾಗೆ.

“ಇನ್ನ ಮ್ಯಾಲೆ ನೀವಽ ಇಲ್ಲಿ ಇರ್ತೀರೇನ್ರಿ?” ಎಂದಳು.

ನೀವು. ಮಂದಾಕಿನಿ ಜಜ್ಜಿದ ಕಾಳಿನ ಚೂರುಗಳನ್ನು ಕೈಯಿಂದ ಬದಿಗೆ ಸರಿಸಿದಳು. “ಹೂಂ,” ಅಂದಳು. “ನಾನಽ ಇರ್ತೀನಿ.”

ಶಾಲ್ಮಲಾ ಯೋಚಿಸಿದಳು. ಅವಳ ದನಿಯಲ್ಲಿ ಸೇಡಿರಲಿಲ್ಲ, ಮುನಿಸಿರಲಿಲ್ಲ. ಒಳ್ಳೆಯ ಮಗುವಿನ ಮರ್ಯಾದೆ ಮಾತ್ರ ಇತ್ತು.

“ಹಂಗಾದ್ರ, ನಿಮಗ ನಾ ಏನಂತ ಕರೀಲ್ರಿ?”